ಮೊದಲ ಮಳೆಗೆ ಅರಳುವ ಗೆಡ್ಡೆಗಳು

ವಸಂತದಲ್ಲಿ ಹೂ ಬಿಡುವ ಗೆಡ್ಡೆಗಿಡಗಳೆಂದೊಡನೆ ಟ್ಯೂಲಿಪ್, ಡ್ಯಾಫೊಡಿಲ್, ಹಯಸಿಂತ್ ಮೊದಲಾದ ಶೀತಪ್ರದೇಶದ ಸಸ್ಯಗಳ ಹೆಸರೇ ತೋಟಗಾರಿಕೆಯ ಪುಸ್ತಕಗಳಲ್ಲಿ ಮುಂದೆ ಬರುತ್ತದೆಯಾದರೂ, ಬೆಂಗಳೂರಿನ ಉತ್ತರ ಭಾಗದಲ್ಲಿ, ಅಂದರೆ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ತಾರಸಿಗಳಲ್ಲಿಯೂ ಬಾಲ್ಕನಿಗಳಲ್ಲಿಯೂ ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಕುಂಡದ ಒಣಮಣ್ಣನ್ನು ಸೀಳಿಕೊಂಡು ಮೇಲೆದ್ದು ಅರಳುವ ಗೆಡ್ಡೆಗಳು ಬೇರೆಯೇ ಆಗಿವೆ. ನರ್ಸರಿಗಳು ಅಮರಿಲ್ಲಿಸ್ ಎಂಬ ಹೆಸರಿನಲ್ಲಿ ಮಾರುವ ಹಿಪ್ಪಿಯಾಸ್ಟ್ರಮ್, ಮಳೆ ಬಿದ್ದ ಕೆಲವೇ ದಿನಗಳಲ್ಲಿ ಅರಳುವುದರಿಂದ ಮಳೆ ಲಿಲ್ಲಿ ಎನಿಸಿಕೊಂಡ ಜೆಫಿರಾಂಥಿಸ್, ಚೆಂಡಿನಾಕಾರದ ಕೆಂಪು ಹೂಗೊಂಚಲಿನ ಫುಟ್‌ಬಾಲ್ ಲಿಲ್ಲಿ ಇವುಗಳಲ್ಲಿ ಮುಖ್ಯವಾದವು. ಶೀತಪ್ರದೇಶದ ಗೆಡ್ಡೆಗಳಿಗೆ ಹೂ ಬಿಡುವ ಸೂಚನೆ ಚಳಿಯಿಂದ ಬಂದರೆ, ಇವುಗಳಿಗೆ ಆ ಸೂಚನೆ ಬರುವುದು ಕೆಲವು ವಾರಗಳ ಒಣಹವೆಯಿಂದ ಮತ್ತು ಅದನ್ನು ಮುರಿಯುವ ಮೊದಲ ಮಳೆಯಿಂದ. ಕುಂಡ, ಮಣ್ಣು, ನೀರು, ಗೊಬ್ಬರಗಳ ವಿಚಾರದಲ್ಲಿ ಅನುಸರಿಸಬೇಕಾದ ಕ್ರಮಗಳೆಲ್ಲ ಈ ಒಂದು ವ್ಯತ್ಯಾಸವನ್ನು ಆಧರಿಸಿವೆ.

ಆಹಾರವನ್ನು ನೆಲದೊಳಗೆ ಕೂಡಿಟ್ಟುಕೊಂಡು ಪ್ರತಿಕೂಲ ಕಾಲವನ್ನು ಕಳೆಯುವ ಸಸ್ಯಭಾಗಗಳಲ್ಲಿ, ಒಂದರ ಮೇಲೊಂದು ಸುತ್ತಿಕೊಂಡ ದಪ್ಪ ಪೊರೆಗಳಿಂದ ಆದುದನ್ನು ಲಶುನವೆಂದೂ, ಪೊರೆಗಳಿಲ್ಲದೆ ಒಳಗೆಲ್ಲ ಒಂದೇ ಸಮ ಗಟ್ಟಿಯಾಗಿರುವುದನ್ನು ಕಂದವೆಂದೂ ಸಸ್ಯಶಾಸ್ತ್ರದಲ್ಲಿ ಕರೆಯುತ್ತಾರೆ. ಯಶವಂತಪುರದ ಎಪಿಎಂಸಿ ಪ್ರಾಂಗಣದಲ್ಲಿ ಮೂಟೆಗಟ್ಟಲೆ ಬಂದಿಳಿಯುವ ಈರುಳ್ಳಿಯೇ ಲಶುನಕ್ಕೆ ಎಲ್ಲರೂ ಬಲ್ಲ ಉದಾಹರಣೆಯಾಗಿದ್ದು, ಅದನ್ನು ಉದ್ದಕ್ಕೆ ಸೀಳಿ ನೋಡಿದರೆ ಬುಡದಲ್ಲಿ ಕಾಣುವ ಬಿಲ್ಲೆಯಂಥ ಭಾಗವೇ ಕಾಂಡವೆಂದೂ, ಅದರ ಮೇಲಿನ ಪೊರೆಗಳು ಎಲೆಗಳ ಬುಡಗಳೆಂದೂ, ನಟ್ಟನಡುವೆ ಇರುವ ಹಸಿರು ಮೊನೆ ಮುಂದಿನ ಚಿಗುರೆಂದೂ ತಿಳಿಯುತ್ತದೆ. ಹಿಪ್ಪಿಯಾಸ್ಟ್ರಮ್ಮಿನ ಗೆಡ್ಡೆಯ ರಚನೆಯೂ ಇದೇ ಬಗೆಯದಾದರೂ, ಅದರ ಪೊರೆಗಳ ನಡುವೆ ಈ ವರ್ಷದ ಹೂವಿನೊಂದಿಗೆ ಮುಂದಿನ ವರ್ಷದ ಹೂವಿನ ಮೊಗ್ಗೂ ಸೂಕ್ಷ್ಮರೂಪದಲ್ಲಿ ಆಗಲೇ ಅಡಗಿರುತ್ತದೆ ಎಂಬ ಸಂಗತಿ, ಈ ಗಿಡವನ್ನು ಬೆಳೆಸುವವರು ಎಲ್ಲಕ್ಕಿಂತ ಮೊದಲು ಅರಿಯಬೇಕಾದುದು.

ಟ್ಯೂಲಿಪ್ಪಿನ ವಿಚಾರವನ್ನು ಇಲ್ಲಿಯೇ ಮುಗಿಸುವುದು ಒಳ್ಳೆಯದು. ಮಧ್ಯ ಏಷ್ಯಾದ ಬೆಟ್ಟಗಳಲ್ಲಿ ಹುಟ್ಟಿದ ಈ ಗಿಡದ ಹೂದಂಟು ಸರಿಯಾಗಿ ನೀಳವಾಗಬೇಕಾದರೆ, ಅದರ ಗೆಡ್ಡೆ 12ರಿಂದ 16 ವಾರಗಳ ಕಾಲ ಸುಮಾರು 9 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆ ಉಷ್ಣತೆಯಲ್ಲಿ ಇರಬೇಕಾಗುತ್ತದೆ. ಈ ಅಗತ್ಯವನ್ನು ಕೃತಕವಾಗಿ ಪೂರೈಸುವ ಕ್ರಮಕ್ಕೆ ಶೀತೋಪಚಾರವೆಂದು ಹೆಸರು. ಜಬರ್ವಾನ್ ಬೆಟ್ಟಗಳ ತಪ್ಪಲಿನಲ್ಲಿ 2007ರಲ್ಲಿ ತೆರೆದ ಶ್ರೀನಗರದ ಟ್ಯೂಲಿಪ್ ಉದ್ಯಾನಕ್ಕೆ ಈ ಚಳಿಯನ್ನು ಅಲ್ಲಿನ ಚಳಿಗಾಲವೇ ಒದಗಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೂ ಬೆಂಗಳೂರಿನಲ್ಲಿ ಜನವರಿಯ ರಾತ್ರಿಗಳ ಸರಾಸರಿ ಕನಿಷ್ಠ ಉಷ್ಣತೆ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಗರದಲ್ಲಿ ಈವರೆಗೆ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆಯೇ 1884ರ ಜನವರಿ 13ರಂದು ಕಂಡುಬಂದ 7.8 ಡಿಗ್ರಿ, ಅದೂ ಒಂದು ರಾತ್ರಿಯ ಮಾತು. ಶೀತೋಪಚಾರಕ್ಕೆ ಒಳಪಡಿಸಿದ ಗೆಡ್ಡೆಗಳನ್ನು ತರಿಸಿ, ಇಲ್ಲವೇ ಹಣ್ಣುಗಳಿಂದ ಹೊಮ್ಮುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನು ಕೊಲ್ಲುವುದರಿಂದ ಹಣ್ಣಿಲ್ಲದ ಫ್ರಿಜ್ಜಿನಲ್ಲಿ ಮೂರು ತಿಂಗಳಿಟ್ಟು, ಡಿಸೆಂಬರಿನಲ್ಲಿ ಕುಂಡಕ್ಕೆ ನೆಟ್ಟರೆ ಹೂ ಕಾಣಲು ಸಾಧ್ಯವೇನೋ ಹೌದು. ಆದರೆ ಹಗಲಿನ ಬಿಸಿಗೆ ದಂಟು ಕುಳ್ಳಾಗಿ, ಹೂ ಬೇಗನೆ ಬಾಡಿ, ಗೆಡ್ಡೆ ಮತ್ತೆ ಬಲಿಯದೆ ಆ ವರ್ಷಕ್ಕೇ ಮುಗಿದುಹೋಗುತ್ತದೆ. ಒಂದು ವಾರದ ಹೂವಿಗಾಗಿ ಗೆಡ್ಡೆಯನ್ನು ಬಲಿಗೊಡುವ ಈ ಕ್ರಮವನ್ನು ತೋಟಗಾರಿಕೆ ಎನ್ನುವುದಕ್ಕಿಂತ ಅಲಂಕಾರ ಎನ್ನುವುದೇ ಸರಿ. ಶೀತವಲಯದ ಹೂವೇ ಬೇಕೆನ್ನುವವರಿಗೆ, ಉತ್ತರ ಭಾರತದಲ್ಲಿ ನರ್ಗಿಸ್ ಎಂದು ಹೆಸರಾದ, ಗೊಂಚಲಾಗಿ ಅರಳುವ ಸುಗಂಧದ ನಾರ್ಸಿಸಸ್ ಬಗೆಗಳು ಹೆಚ್ಚು ಸೂಕ್ತ; ಅವುಗಳಿಗೆ ಶೀತೋಪಚಾರದ ಹಂಗಿಲ್ಲ.

ಬೆಂಗಳೂರಿನ ಹವೆಯನ್ನು ಗೆಡ್ಡೆಯ ದೃಷ್ಟಿಯಿಂದ ನೋಡಿದರೆ ಅದರ ಅನುಕೂಲ ಸ್ಪಷ್ಟವಾಗುತ್ತದೆ. ಹಿಂಗಾರಿನ ಮಳೆ ನವೆಂಬರಿನಲ್ಲಿ ಹಿಂದೆ ಸರಿದ ಮೇಲೆ ಮಾರ್ಚಿಯವರೆಗೆ ಹೆಚ್ಚುಕಡಿಮೆ ಒಣಹವೆ. ಜನವರಿ ಮತ್ತು ಫೆಬ್ರವರಿಗಳಲ್ಲಿ ಬೀಳುವ ಮಳೆ ಕೆಲವೇ ಮಿಲಿಮೀಟರುಗಳಷ್ಟು. ಏಪ್ರಿಲ್ ನಡುವಿನಲ್ಲಿ ಅಶ್ವಿನಿ ಮಳೆ, ಅದರ ಹಿಂದೆಯೇ ಭರಣಿ ಮತ್ತು ಕೃತ್ತಿಕಾ ಮಳೆಗಳು ಗುಡುಗು ಸಿಡಿಲಿನೊಂದಿಗೆ ಸಂಜೆಯ ಹೊತ್ತಿಗೆ ಬಂದು, ಮೇ ತಿಂಗಳೊಂದರಲ್ಲೇ ಸರಾಸರಿ 100 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಹೀಗೆ ದೀರ್ಘವಾದ ಒಣಕಾಲ, ಏರುತ್ತ ಹೋಗುವ ಬಿಸಿಲು, ಆಮೇಲೆ ಹಠಾತ್ತನೆ ಬಂದು ನೆಲವನ್ನು ತಣಿಸುವ ನೀರು, ಈ ಕ್ರಮವೇ ದಕ್ಷಿಣ ಅಮೆರಿಕ, ಮೆಕ್ಸಿಕೊ ಮತ್ತು ಆಫ್ರಿಕಾಗಳ ಹಲವು ಭಾಗಗಳಲ್ಲಿಯೂ ಕಂಡುಬರುವುದರಿಂದ, ಅಲ್ಲಿಂದ ಬಂದ ಗೆಡ್ಡೆಗಳು ಬೆಂಗಳೂರಿನಲ್ಲಿ ಯಾವ ಉಪಚಾರವನ್ನೂ ಬೇಡದೆ ನೆಲೆಯೂರಿವೆ. ಒಣಕಾಲದಲ್ಲಿ ಎಲೆಗಳು ಹಳದಿಯಾಗಿ ಬಿದ್ದು ಗಿಡ ಬೆಳವಣಿಗೆಯನ್ನು ನಿಲ್ಲಿಸುವ ಸ್ಥಿತಿಗೆ ಸುಪ್ತಾವಸ್ಥೆ ಎನ್ನುತ್ತಾರೆ. ಹೊರಗಿನಿಂದ ಸತ್ತಂತೆ ಕಾಣುವ ಈ ಅವಧಿಯಲ್ಲಿಯೂ ಗೆಡ್ಡೆಯೊಳಗೆ ಮೊಗ್ಗಿನ ಬೆಳವಣಿಗೆ ನಿಧಾನವಾಗಿ ನಡೆದೇ ಇರುತ್ತದೆ.

ಈ ಸುಪ್ತಾವಸ್ಥೆಯನ್ನು ಗೌರವಿಸದಿರುವುದೇ ಮನೆಯಂಗಳದ ಗೆಡ್ಡೆಗಿಡಗಳು ಹೂ ಬಿಡದಿರುವುದಕ್ಕೆ ಬಹುಮಟ್ಟಿಗೆ ಕಾರಣವಾಗಿದೆ. ತುಳಸಿಗೂ ಗುಲಾಬಿಗೂ ನೀರು ಹಾಕುವ ಕೈ ಪಕ್ಕದ ಅಮರಿಲ್ಲಿಸ್ ಕುಂಡಕ್ಕೂ ದಿನವೂ ಒಂದು ಚೊಂಬು ನೀರು ಹಾಕುತ್ತಲೇ ಹೋದರೆ, ಗಿಡ ವರ್ಷವಿಡೀ ಎಲೆಯನ್ನೇ ಬಿಡುತ್ತ ಕುಳಿತು, ಮನೆಯವರು ಅದನ್ನು ಬಂಜೆಯೆಂದು ಬಗೆಯುವಂತಾಗುತ್ತದೆ. ಡಿಸೆಂಬರ್ ಕೊನೆಯಿಂದ ಎಂಟು ಹತ್ತು ವಾರಗಳ ಕಾಲ ಆ ಕುಂಡಕ್ಕೆ ನೀರನ್ನು ಸಂಪೂರ್ಣವಾಗಿ ನಿಲ್ಲಿಸುವುದು ಗಿಡಕ್ಕೆ ಮಾಡುವ ಕ್ರೌರ್ಯವಲ್ಲ, ಅದರ ಹುಟ್ಟುನೆಲದ ಋತುಮಾನವನ್ನು ಅದಕ್ಕೆ ಹಿಂದಿರುಗಿಸುವ ಕ್ರಮ. ಉತ್ತರ ಬೆಂಗಳೂರಿಗೆ ಇದರಿಂದ ಮತ್ತೊಂದು ಪ್ರಯೋಜನವೂ ಇದೆ. ಅರ್ಕಾವತಿ ನದಿಗೆ 1894ರಲ್ಲಿ ಕಟ್ಟಿದ ಹೆಸರಘಟ್ಟ ಜಲಾಶಯದಿಂದ ನಗರಕ್ಕೆ ಮೊದಲು ಕೊಳಾಯಿ ನೀರು ಹರಿದುಬಂದದ್ದು ಈ ಭಾಗದಿಂದಲೇ ಆದರೂ, ಇಂದು ಇದೇ ಭಾಗದ ಅನೇಕ ಬಡಾವಣೆಗಳು ಬೇಸಿಗೆಯಲ್ಲಿ ಕೊಳವೆಬಾವಿ ಮತ್ತು ಟ್ಯಾಂಕರುಗಳನ್ನು ನೆಚ್ಚಿಕೊಂಡಿವೆ. 2024ರ ಮಾರ್ಚಿಯಲ್ಲಿ ನೀರಿನ ಅಭಾವ ತೀವ್ರವಾದಾಗ ಜಲಮಂಡಳಿಯು ಕೈತೋಟಕ್ಕೆ ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಪ್ರಕಟಿಸಿತು. ಆ ವರ್ಷದ ಏಪ್ರಿಲ್ ಕೂಡ ಹೆಚ್ಚುಕಡಿಮೆ ಮಳೆಯೇ ಇಲ್ಲದೆ ಕಳೆದು, ಮೇ ಆರಂಭದಲ್ಲಿ ಮಳೆ ಬಂದಿತು. ಅಂಥ ಬೇಸಿಗೆಯಲ್ಲಿ ಹನಿ ನೀರನ್ನೂ ಬೇಡದೆ ಕಾಯಬಲ್ಲ, ಮಳೆ ತಡವಾದರೆ ಹೂವನ್ನೂ ಅಷ್ಟೇ ತಡಮಾಡಬಲ್ಲ ಗಿಡಗಳು ಈ ನಗರಕ್ಕೆ ಎಷ್ಟು ತಕ್ಕವೆಂಬುದನ್ನು ತೋಟಗಾರರು ಇನ್ನೂ ಪೂರ್ತಿ ಗಮನಿಸಿದಂತಿಲ್ಲ.

ಹಿಪ್ಪಿಯಾಸ್ಟ್ರಮ್ಮನ್ನು ಕುಂಡದಲ್ಲಿ ಬೆಳೆಸುವ ಕ್ರಮ ಸರಳವಾದುದೇ. ಗೆಡ್ಡೆಯ ಸುತ್ತ ಎರಡು ಬೆರಳಗಲದಷ್ಟು ಜಾಗವಿರುವ ಕುಂಡವೇ ಇದಕ್ಕೆ ಸಾಕು; ಎಂಟು ಅಂಗುಲದ ಕುಂಡದಲ್ಲಿ ಒಂದು ದೊಡ್ಡ ಗೆಡ್ಡೆ ಸುಖವಾಗಿರುತ್ತದೆ. ಕುಂಡ ಅತಿ ದೊಡ್ಡದಾದರೆ ಬೇರು ತಲುಪದ ಮಣ್ಣಿನಲ್ಲಿ ತೇವ ನಿಂತು ಗೆಡ್ಡೆ ಕೊಳೆಯುವ ಸಂಭವ ಹೆಚ್ಚು. ನೆಡುವಾಗ ಗೆಡ್ಡೆಯ ಮೇಲಿನ ಅರ್ಧಭಾಗ ಮಣ್ಣಿನಿಂದ ಹೊರಗೆ ಕಾಣುತ್ತಿರಬೇಕು. ಅದನ್ನು ಕತ್ತಿನವರೆಗೆ ಹೂತರೆ ಪೊರೆಗಳ ಸಂದಿಯಲ್ಲಿ ನೀರು ನಿಲ್ಲುತ್ತದೆ. ಫೆಬ್ರವರಿ ಕೊನೆಯಲ್ಲೋ ಮಾರ್ಚಿಯಲ್ಲೋ ಕತ್ತಿನ ಬದಿಯಿಂದ ಚಪ್ಪಟೆಯಾದ ಹಸಿರು ಮೊನೆ ಇಣುಕಿದಾಗ ಒಮ್ಮೆ ಚೆನ್ನಾಗಿ ನೀರು ಕೊಟ್ಟು, ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ ಮತ್ತೆ ಕೊಡುತ್ತ ಹೋದರೆ, ಮೂರು ನಾಲ್ಕು ವಾರಗಳಲ್ಲಿ ಪೊಳ್ಳು ದಂಟಿನ ತುದಿಯಲ್ಲಿ ಎರಡರಿಂದ ನಾಲ್ಕು ದೊಡ್ಡ ಹೂಗಳು ಅರಳುತ್ತವೆ. ದಂಟು ಬೆಳಕಿನ ಕಡೆಗೆ ವಾಲುವುದರಿಂದ, ಒಂದೇ ಕಡೆಯಿಂದ ಬಿಸಿಲು ಬೀಳುವ ಬಾಲ್ಕನಿಗಳಲ್ಲಿ ಕುಂಡವನ್ನು ಎರಡು ಮೂರು ದಿನಗಳಿಗೊಮ್ಮೆ ತಿರುಗಿಸಿಡುವುದು ಅವಶ್ಯಕ. ಹಳೆಯ ಮನೆಗಳ ಅಂಗಳದಲ್ಲಿ ಹಿಂಡುಹಿಂಡಾಗಿ ಬೆಳೆಯುವ ಕಿತ್ತಳೆಗೆಂಪಿನ ಬಗೆ ಹೂವಿನ ಗಾತ್ರದಲ್ಲಿ ಹಾಲೆಂಡಿನಿಂದ ಬರುವ ಸಂಕರ ತಳಿಗಳಿಗೆ ಸಾಟಿಯಲ್ಲವಾದರೂ, ಈ ಮಣ್ಣಿಗೂ ಬಿಸಿಲಿಗೂ ಒಗ್ಗಿಕೊಂಡಿರುವ ಕಾರಣ ಹೊಸದಾಗಿ ಆರಂಭಿಸುವವರಿಗೆ ಅದೇ ಮೇಲು.

ಹೂ ಬಾಡಿದ ಮೇಲಿನ ಆರು ತಿಂಗಳೇ ನಿಜವಾದ ಕೃಷಿಯ ಕಾಲ. ಹಿಪ್ಪಿಯಾಸ್ಟ್ರಮ್ಮಿನ ಗೆಡ್ಡೆ ಸಾಮಾನ್ಯವಾಗಿ ನಾಲ್ಕು ಎಲೆಗಳಿಗೆ ಒಂದು ಹೂದಂಟಿನಂತೆ ಬೆಳವಣಿಗೆಯ ಘಟಕಗಳನ್ನು ಕ್ರಮವಾಗಿ ರೂಪಿಸುತ್ತ ಹೋಗುತ್ತದೆ, ಮತ್ತು ಒಂದು ಹೂದಂಟು ಒಳಗೆ ಮೊಳೆತು ಹೊರಗೆ ಅರಳಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ಆದುದರಿಂದ ಮುಂಗಾರಿನಿಂದ ದೀಪಾವಳಿಯವರೆಗೆ ಗಿಡ ಎಷ್ಟು ಎಲೆಗಳನ್ನು ಬಿಟ್ಟಿತು, ಆ ಎಲೆಗಳಿಗೆ ಎಷ್ಟು ಬಿಸಿಲು ಸಿಕ್ಕಿತು ಎಂಬುದರ ಮೇಲೆ ಮುಂದಿನ ವಸಂತಗಳ ಹೂವಿನ ಲೆಕ್ಕ ನಿಂತಿದೆ. ಹೂ ಮುಗಿದ ಕೂಡಲೇ ಕುಂಡವನ್ನು ಮೂಲೆಗೆ ತಳ್ಳುವುದೂ, ಅಂದಗೆಡುತ್ತದೆಂದು ಹಸಿರೆಲೆಗಳನ್ನು ಕತ್ತರಿಸುವುದೂ ಮುಂದಿನ ವರ್ಷದ ಹೂವನ್ನೇ ಕತ್ತರಿಸಿದಂತೆ. ಬಾಡಿದ ಹೂಗಳನ್ನು ಬೀಜ ಕಟ್ಟುವ ಮೊದಲೇ ತೆಗೆದು, ದಂಟನ್ನು ಅದು ತಾನಾಗಿ ಹಳದಿಯಾಗುವವರೆಗೆ ಬಿಟ್ಟು, ಕುಂಡವನ್ನು ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವೆಡೆಯಲ್ಲಿ ಇರಿಸಿ, ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರವನ್ನೂ ಸ್ವಲ್ಪ ಬೇವಿನ ಹಿಂಡಿಯನ್ನೂ ಕೊಡುವುದು ಸಾಕಾಗುತ್ತದೆ. ಯೂರಿಯಾದಂಥ ಸಾರಜನಕ ಗೊಬ್ಬರ ಹೆಚ್ಚಾದರೆ ಎಲೆ ಸೊಕ್ಕಿ ಬೆಳೆದು ಗೆಡ್ಡೆ ಮೆದುವಾಗುವುದರಿಂದ ಅದನ್ನು ದೂರವಿಡುವುದೇ ಕ್ಷೇಮ.

ಮಳೆ ಲಿಲ್ಲಿಗಳ ವಿಚಾರದಲ್ಲಿ ಹೇಳಬೇಕಾದುದು ಕಡಿಮೆ. ಅಗಲವಾದ, ಆರು ಅಂಗುಲದಷ್ಟು ಆಳದ ತಟ್ಟೆಕುಂಡದಲ್ಲಿ ಎರಡು ಅಂಗುಲಕ್ಕೊಂದರಂತೆ ಚಿಕ್ಕ ಗೆಡ್ಡೆಗಳನ್ನು ಒತ್ತಾಗಿ ನೆಟ್ಟರೆ, ಒಣಗಿ ಬಿದ್ದ ಮಣ್ಣಿನ ಮೇಲೆ ಮೊದಲ ದೊಡ್ಡ ಮಳೆ ಸುರಿದ ಮೂರರಿಂದ ಐದು ದಿನಗಳಲ್ಲಿ ಕುಂಡದ ತುಂಬ ಒಮ್ಮೆಲೇ ಹೂ ಬರುತ್ತದೆ. ಗುಲಾಬಿ ಬಣ್ಣದ ಕ್ಯಾರಿನೇಟ ಮತ್ತು ಹಳದಿಯ ಸಿಟ್ರಿನ ಪ್ರಭೇದಗಳು ಬೆಂಗಳೂರಿನಲ್ಲಿ ಸುಲಭವಾಗಿ ದೊರೆಯುತ್ತವೆ. ಬಿಳಿಯ ಕ್ಯಾಂಡಿಡ ಪ್ರಭೇದ ಮಳೆಗಾಲದ ಉತ್ತರಾರ್ಧದಲ್ಲಿ ಹೆಚ್ಚಾಗಿ ಅರಳುವುದರಿಂದ ಅದನ್ನು ವಸಂತದ ಹೂಗಳಲ್ಲಿ ಎಣಿಸುವಂತಿಲ್ಲ. ಒಂದೊಂದು ಹೂವಿನ ಬಾಳು ಒಂದೆರಡು ದಿನವಾದರೂ, ನಡುವೆ ಕುಂಡ ಒಣಗಲು ಬಿಟ್ಟರೆ ಮುಂದಿನ ಮಳೆಗೆ ಮತ್ತೊಂದು ಸರದಿ ಬರುತ್ತದೆ.

ಫುಟ್‌ಬಾಲ್ ಲಿಲ್ಲಿಯ ಶಾಸ್ತ್ರೀಯ ಹೆಸರು ಸ್ಕ್ಯಾಡಾಕ್ಸಸ್ ಮಲ್ಟಿಫ್ಲೋರಸ್; ಆಫ್ರಿಕಾದ ಮೂಲದ ಇದು ವರ್ಷಕ್ಕೆ ಒಂದೇ ಬಾರಿ, ಏಪ್ರಿಲ್ ಮತ್ತು ಮೇ ತಿಂಗಳುಗಳ ನಡುವೆ, ನೂರಕ್ಕೂ ಮಿಕ್ಕ ಚಿಕ್ಕ ಹೂಗಳು ಕೂಡಿದ ಒಂದೇ ಗೋಳವನ್ನು ಬಿಡುತ್ತದೆ. ಲಾಲ್‌ಬಾಗಿನ ಎರಡು ಫಲಪುಷ್ಪ ಪ್ರದರ್ಶನಗಳು ಜನವರಿಯಲ್ಲಿಯೂ ಆಗಸ್ಟಿನಲ್ಲಿಯೂ ನಡೆಯುವುದರಿಂದ, ಅಲ್ಲಿಗೆ ಬರುವ ಲಕ್ಷಾಂತರ ಜನರಿಗೆ ಈ ಹೂವನ್ನು ನೋಡುವ ಅವಕಾಶವೇ ಸಿಗದಿರುವುದು ಖೇದದ ಸಂಗತಿ; ವಸಂತದ ಗೆಡ್ಡೆಗಳಿಗೆಂದೇ ಏಪ್ರಿಲ್ ಕೊನೆಯಲ್ಲೊಂದು ಚಿಕ್ಕ ಪ್ರದರ್ಶನ ನಡೆಯುವುದಾದರೆ ಅದು ಈ ನಗರದ ಋತುಮಾನಕ್ಕೆ ಹೆಚ್ಚು ನಿಷ್ಠವಾಗಿರುತ್ತದೆ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಜಿ.ಎಚ್. ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿಯದು ಆರಂಭವಾಗುವಂತೆ ಬೀದಿಮರಗಳನ್ನು ಆಯ್ದು ನಗರಕ್ಕೆ ಹೂವಿನ ಸರಣಿಯೊಂದನ್ನು ರೂಪಿಸಿದರು. ಮಾರ್ಚಿಯಲ್ಲಿ ಹಿಪ್ಪಿಯಾಸ್ಟ್ರಮ್, ಏಪ್ರಿಲ್ ನಡುವಿನ ಮಳೆಗೆ ಮಳೆ ಲಿಲ್ಲಿ, ಮೇ ತಿಂಗಳಲ್ಲಿ ಫುಟ್‌ಬಾಲ್ ಲಿಲ್ಲಿ ಎಂಬ ಕ್ರಮದಲ್ಲಿ ಆರು ಕುಂಡಗಳನ್ನು ಜೋಡಿಸಿಕೊಂಡರೆ ಅದೇ ತತ್ತ್ವ ಒಂದು ಬಾಲ್ಕನಿಗೂ ಅನ್ವಯಿಸುತ್ತದೆ. ಫುಟ್‌ಬಾಲ್ ಲಿಲ್ಲಿಗೆ ಅರೆನೆರಳು ಹಿತ. ಬೇರು ಕದಲಿದರೆ ಅದು ಒಂದು ವರ್ಷ ಹೂವನ್ನೇ ಬಿಡದಿರುವುದುಂಟಾದ್ದರಿಂದ ಮೂರು ನಾಲ್ಕು ವರ್ಷಗಳವರೆಗೆ ಅದರ ಕುಂಡವನ್ನು ಬದಲಿಸಬಾರದು.

ಕುಂಡ ಮತ್ತು ಮಣ್ಣಿನ ವಿಚಾರದಲ್ಲಿ ಒಂದು ರೂಢಿಯನ್ನು ಬಿಡಬೇಕಾಗಿದೆ. ನೀರು ಚೆನ್ನಾಗಿ ಬಸಿಯಲೆಂದು ಕುಂಡದ ತಳದಲ್ಲಿ ಜಲ್ಲಿಯ ಪದರ ಹಾಕುವ ಪದ್ಧತಿ ವ್ಯಾಪಕವಾಗಿದೆಯಾದರೂ, ಸಣ್ಣ ಕಣಗಳ ಮಣ್ಣಿನಲ್ಲಿರುವ ನೀರು ದೊಡ್ಡ ಸಂದುಗಳಿರುವ ಜಲ್ಲಿಗೆ ಸುಲಭವಾಗಿ ಇಳಿಯದೆ, ಮಣ್ಣು ಪೂರ್ತಿ ನೆನೆದು ತೊಟ್ಟಿಕ್ಕುವವರೆಗೂ ಎರಡರ ಗಡಿಯಲ್ಲೇ ನಿಲ್ಲುತ್ತದೆ. ಅಂದರೆ ಜಲ್ಲಿಯ ಪದರ ಕೆಸರಿನ ಮಟ್ಟವನ್ನು ಗೆಡ್ಡೆಯ ಹತ್ತಿರಕ್ಕೆ ಏರಿಸುತ್ತದೆಯೇ ಹೊರತು ಬಸಿಯಲು ನೆರವಾಗುವುದಿಲ್ಲ. ತಳದ ತೂತಿಗೆ ಮಡಕೆಯ ಒಂದು ಬೋಕಿ ಮುಚ್ಚಿದರೆ ಸಾಕು. ದಪ್ಪ ಮರಳನ್ನು ಇಡೀ ಮಣ್ಣಿನಲ್ಲಿಯೇ ಬೆರೆಸಬೇಕು. ಕೆಮ್ಮಣ್ಣು ಎರಡು ಪಾಲು, ಹಳೆಯ ಕೊಟ್ಟಿಗೆ ಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು ಎಂಬ ಮಿಶ್ರಣ ಈ ಭಾಗಕ್ಕೆ ಒಪ್ಪುತ್ತದೆ. ಕಟ್ಟಡಗಳಿಗೆ ಬಳಸುವ ಎಂ-ಸ್ಯಾಂಡನ್ನು ಉಪಯೋಗಿಸುವುದಾದರೆ ಅದರ ಕಲ್ಲುಪುಡಿಯನ್ನು ತೊಳೆದು ತೆಗೆಯಬೇಕು, ಇಲ್ಲವಾದರೆ ಮಣ್ಣು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತೇವವನ್ನು ಬಹುಕಾಲ ಹಿಡಿದಿಡುವುದರಿಂದ ತರಕಾರಿಗೆ ಒಳ್ಳೆಯದಾದರೂ ಒಣವಿಶ್ರಾಂತಿ ಬೇಕಾದ ಗೆಡ್ಡೆಗಳಿಗೆ ಹೆಚ್ಚು ಹಾಕಬಾರದು. ಮಣ್ಣಿನ ಕುಂಡ ತನ್ನ ಮೈಯಿಂದಲೇ ತೇವವನ್ನು ಹೊರಬಿಟ್ಟು ತಂಪಾಗಿರುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡ ಏಪ್ರಿಲಿನ ತಾರಸಿಯ ಮೇಲೆ ಬೇರು ಬೇಯುವಷ್ಟು ಕಾಯುತ್ತದೆ. ಕೊಳವೆಬಾವಿಯ ಗಡಸು ನೀರಿನಿಂದ ಕುಂಡದ ಹೊರಮೈಯಲ್ಲಿ ಬಿಳಿಯ ಉಪ್ಪು ಕಟ್ಟಿದುದು ಕಂಡರೆ, ಮಳೆಗಾಲದಲ್ಲಿ ಒಂದೆರಡು ದಿನ ಕುಂಡವನ್ನು ತೆರೆದ ಮಳೆಗೆ ಒಡ್ಡಿ ಉಪ್ಪು ಬಸಿದುಹೋಗುವಂತೆ ಮಾಡಬೇಕು.

ಗೆಡ್ಡೆಹೂಗಳ ಮಾತು ಬಂದಾಗ ಯಲಹಂಕದಾಚೆಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯನ್ನು ಸ್ಮರಿಸದಿರಲಾಗದು. 1967ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ವಿಜ್ಞಾನಿಗಳು ಮೆಕ್ಸಿಕೊ ಮೂಲದ ಸುಗಂಧರಾಜದಲ್ಲಿ ಒಂಟಿಸುತ್ತಿನ ಶೃಂಗಾರ್ ಮತ್ತು ಪ್ರಜ್ವಲ್, ಜೋಡಿಸುತ್ತಿನ ಸುವಾಸಿನಿ ಮತ್ತು ವೈಭವ್ ಎಂಬ ತಳಿಗಳನ್ನು ರೂಪಿಸಿದರು. ಒಂಟಿಸುತ್ತಿನವು ಬಿಡಿಹೂವಾಗಿ ಹಾರಕ್ಕೂ, ಜೋಡಿಸುತ್ತಿನವು ದಂಟಿನೊಂದಿಗೆ ಹೂದಾನಿಗೂ ಹೆಚ್ಚಾಗಿ ಒದಗುತ್ತವೆ. ಬೇರುಗಂಟು ಜಂತುಹುಳು, ಅಂದರೆ ಬೇರಿನೊಳಗೆ ಸೇರಿ ಗಂಟುಗಳನ್ನು ಉಂಟುಮಾಡುವ ಕಣ್ಣಿಗೆ ಕಾಣದ ಹುಳು, ಈ ಬೆಳೆಗೆ ದೊಡ್ಡ ಶತ್ರುವಾಗಿದ್ದು ಶೃಂಗಾರ್ ತಳಿ ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಸುಗಂಧರಾಜ ವಸಂತದಲ್ಲಿ ಅರಳುವುದಕ್ಕಿಂತ ವಸಂತದಲ್ಲಿ ನೆಡತಕ್ಕ ಗೆಡ್ಡೆ. ಯುಗಾದಿಯ ಸುಮಾರಿಗೆ ಹತ್ತು ಅಂಗುಲದ ಕುಂಡದಲ್ಲಿ ಮೂರು ಗೆಡ್ಡೆಗಳನ್ನು ನೆಟ್ಟು ಪೂರ್ತಿ ಬಿಸಿಲಿನಲ್ಲಿ ಇರಿಸಿದರೆ ಸುಮಾರು ಮೂರು ತಿಂಗಳಲ್ಲಿ, ಫುಟ್‌ಬಾಲ್ ಲಿಲ್ಲಿ ಮುಗಿದು ಕುಂಡಗಳು ಬರಿದಾದ ವೇಳೆಗೆ, ಸಂಜೆಯ ಗಾಳಿಯಲ್ಲಿ ಅದರ ಪರಿಮಳ ತುಂಬುತ್ತದೆ. ಗ್ಲ್ಯಾಡಿಯೋಲಸ್ ಕಂದದಿಂದ ಬೆಳೆಯುವ ಗಿಡ; ಇದೇ ಸಂಸ್ಥೆಯ ಆರತಿ, ಪೂನಂ, ದರ್ಶನ್ ಮೊದಲಾದ ತಳಿಗಳು ಹೆಸರಾಗಿದ್ದರೂ, ಆಳವಾದ ಕುಂಡ ಮತ್ತು ಊರುಗೋಲು ಬೇಡುವ ಇದರ ಎತ್ತರದ ದಂಟು ಗಾಳಿ ಬೀಸುವ ತಾರಸಿಗೆ ಅಷ್ಟಾಗಿ ಒಗ್ಗುವುದಿಲ್ಲ. ಗೆಡ್ಡೆಗಳನ್ನು ಕೊಳ್ಳಲು ಅವು ಸುಪ್ತಾವಸ್ಥೆಗೆ ಜಾರುವ ಕಾಲವೇ ಉತ್ತಮವಾದ್ದರಿಂದ, ಹೆಬ್ಬಾಳದ ಬಳಿಯ ಜಿಕೆವಿಕೆ ಆವರಣದಲ್ಲಿ ಸಾಮಾನ್ಯವಾಗಿ ನವೆಂಬರಿನಲ್ಲಿ ನಡೆಯುವ ಕೃಷಿಮೇಳದ ವೇಳೆ ಅದಕ್ಕೆ ಅನುಕೂಲವಾಗಿ ಒದಗುತ್ತದೆ. ಗೆಡ್ಡೆ ಕೈಗೆ ಭಾರವಾಗಿ, ಒತ್ತಿದರೆ ಗಟ್ಟಿಯಾಗಿ, ಬುಡದ ಬಿಲ್ಲೆಯಲ್ಲಿ ಬೂಷ್ಟಿಲ್ಲದೆ ಇರಬೇಕು.

ಮಳೆಗಾಲದಲ್ಲಿ ಈ ಗಿಡಗಳಿಗೆ ಬರುವ ಮುಖ್ಯ ಪೀಡೆ ಲಿಲ್ಲಿ ಪತಂಗದ ಹುಳು. ಕಪ್ಪು ಮೈಯ ಮೇಲೆ ಬಿಳಿ, ಹಳದಿ, ಕೆಂಪು ಚುಕ್ಕೆಗಳಿರುವ ಈ ಹುಳುಗಳು ಗುಂಪಾಗಿ ಬಂದು ಒಂದೆರಡು ರಾತ್ರಿಗಳಲ್ಲೇ ಎಲೆಗಳನ್ನು ಬುಡದವರೆಗೆ ತಿಂದು ಮುಗಿಸುತ್ತವೆ. ಎಲೆಯ ಅಡಿಯಲ್ಲಿ ಮೊಟ್ಟೆಗಳ ಗುಂಪು ಕಂಡಾಗಲೇ ಒರೆಸಿ ತೆಗೆಯುವುದೂ, ಹುಳುಗಳನ್ನು ಆಯ್ದು ಸಾಬೂನಿನ ನೀರಿಗೆ ಹಾಕುವುದೂ ಮನೆಯ ಮಟ್ಟಿಗೆ ಸಾಕಾದ ಉಪಾಯ. ಹಿಪ್ಪಿಯಾಸ್ಟ್ರಮ್ಮಿನ ಎಲೆ ಮತ್ತು ಗೆಡ್ಡೆಯ ಮೇಲೆ ಕೆಂಪು ಗೆರೆಗಳು ಮೂಡುವುದು ಒಂದು ಶಿಲೀಂಧ್ರದ ಲಕ್ಷಣವಾಗಿದ್ದು, ಎಲೆಗಳ ಮೇಲೆ ನೀರು ಚಿಮುಕಿಸದೆ ಬುಡಕ್ಕೆ ಮಾತ್ರ ಹಾಕುವುದರಿಂದ ಅದು ಬಹುಪಾಲು ಹತೋಟಿಗೆ ಬರುತ್ತದೆ.

ಹಿಪ್ಪಿಯಾಸ್ಟ್ರಮ್, ಮಳೆ ಲಿಲ್ಲಿ, ಫುಟ್‌ಬಾಲ್ ಲಿಲ್ಲಿ ಮೂರರ ಗೆಡ್ಡೆಗಳಲ್ಲಿಯೂ ಲೈಕೊರಿನ್ ಮೊದಲಾದ ಕ್ಷಾರಾಭಗಳು, ಅಂದರೆ ದೇಹದ ಮೇಲೆ ತೀವ್ರ ಪರಿಣಾಮ ಬೀರುವ ಸಸ್ಯಜನ್ಯ ರಾಸಾಯನಿಕಗಳು ಇರುವುದರಿಂದ, ತಿಂದರೆ ವಾಂತಿ ಭೇದಿಗಳಾಗುತ್ತವೆ, ಹೆಚ್ಚು ತಿಂದರೆ ಅಪಾಯವೂ ಉಂಟು. ಗೌರಿ ಹೂವೆಂದು ಪೂಜೆಗೆ ಬಳಸುವ, ಕರ್ನಾಟಕದ ಕಾಡುಗಳದೇ ಆದ ಅಗ್ನಿಶಿಖೆಯ ಗೆಡ್ಡೆ ಇವುಗಳಿಗಿಂತಲೂ ಬಹಳ ಹೆಚ್ಚು ವಿಷಕಾರಿ. ಅದರಲ್ಲಿರುವ ಕಾಲ್ಚಿಸಿನ್ ಪ್ರಾಣಕ್ಕೇ ಎರವಾಗಬಲ್ಲದು. ಆದ್ದರಿಂದ ನಾಯಿ ಬೆಕ್ಕುಗಳಿರುವ ಮನೆಗಳಲ್ಲಿ ಕುಂಡಗಳನ್ನು ಅವುಗಳಿಗೆ ಎಟುಕದಂತೆ ಇಡಬೇಕು, ಗೆಡ್ಡೆಗಳನ್ನು ಬೇರ್ಪಡಿಸಿದ ಮೇಲೆ ಕೈ ತೊಳೆಯಬೇಕು, ಮತ್ತು ಒಣಕಾಲದಲ್ಲಿ ಕುಂಡದಿಂದ ಕಿತ್ತು ತೆಗೆದಿಟ್ಟ ಗೆಡ್ಡೆಗಳನ್ನು ಹೆಸರು ಬರೆದ ಕಾಗದದ ಚೀಲದಲ್ಲಿ ಹಾಕಿ, ಅಡುಗೆಮನೆಯ ಈರುಳ್ಳಿ ಬುಟ್ಟಿಯಿಂದ ದೂರದ ಒಣ ಕಪಾಟಿನಲ್ಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇರಿಸಬೇಕು.